ತಂಗಿಯ ಕೈ ಸರಿಸಿದವನು

ನನ್ನ ತಂಗಿಯ ತಪ್ಪಿಲ್ಲ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಊರು ಆಕೆಯ ಮೇಲೆ ಹೊರಿಸಿದ ಮಾತು ಸುಳ್ಳು ಎಂಬುದು ನನಗೊಬ್ಬನಿಗೇ ಗೊತ್ತು ಅಂದುಕೊಂಡು ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದೆ. ಮುಚ್ಚಿಕೊಂಡಿದ್ದೆ ಅನ್ನುವುದೂ ಪೂರ್ತಿ ನಿಜವಲ್ಲ. ಅದೇ ಬಾಯಿಂದ ಉಂಡೆ, ನಕ್ಕೆ, ಹಾಡಿದೆ. ಆ ಒಂದು ಮಾತು ಮಾತ್ರ ಆಡಲಿಲ್ಲ.

ನಾನು ಓದಿದ್ದು ಕಡಿಮೆ. ಠಾಣಾ ಕುಶನೂರಿನ ಸರಕಾರಿ ಶಾಲೆಯಲ್ಲಿ ಆರನೆಯ ತರಗತಿ ಮುಗಿಯುವುದರೊಳಗೆ ಅಪ್ಪ ತೀರಿಕೊಂಡ. ಸ್ವಲ್ಪ ದಿನ ಊರಲ್ಲೇ ಕೂಲಿ ಮಾಡಿದೆ, ಮೈಯಲ್ಲಿ ಕಸುವು ಬಂದ ಮೇಲೆ ಬೀದರಿಗೆ ಹೋಗಿ ಗಾಂಧಿ ಗಂಜಿನ ಧಾನ್ಯ ಪೇಟೆಯಲ್ಲಿ ಹಮಾಲಿ ಹಿಡಿದೆ. ಲಾರಿಯಿಂದ ದಲಾಲರ ಅಡತ್ ಅಂಗಡಿಗೆ, ಅಂಗಡಿಯಿಂದ ಲಾರಿಗೆ ತೊಗರಿ, ಕಡಲೆ, ಸೋಯಾ ಚೀಲ ಹೊರುವುದು. ಇವತ್ತಿಗೂ ಅದೇ ಕೆಲಸ. ನನ್ನ ಬೆನ್ನಿಗೆ ತಂಗಿ, ಆಕೆಯ ನಂತರ ಬಹಳ ತಡವಾಗಿ ಹುಟ್ಟಿದ ತಮ್ಮ. ಅವನನ್ನು ಮನೆಯಲ್ಲೂ ಓಣಿಯಲ್ಲೂ ಎಲ್ಲರೂ ಸಣ್ಣಾಂವ ಎಂದೇ ಕರೆಯುತ್ತಿದ್ದರು. ನಮ್ಮದು ಮೆಥೋಡಿಸ್ಟ್ ಮನೆ. ನಮ್ಮ ಕಡೆ ಚರ್ಚಿಗೆ ಹೋಗುವ ಮನೆ ಎಂದರೆ ಒಬ್ಬ ಮಾಸ್ತರನೋ ಒಬ್ಬಳು ನರ್ಸೋ ಇದ್ದೇ ಇರಬೇಕು. ನಾನಂತೂ ಮಾಸ್ತರನಾಗುವ ಹಾಗಿರಲಿಲ್ಲ. ತಂಗಿ ಓದಿದಳು, ಬೀದರಿನಲ್ಲೇ ನರ್ಸಿಂಗ್ ಮುಗಿಸಿ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು. ಆಕೆ ಬಿಳಿ ಬಟ್ಟೆ ಹಾಕಿಕೊಂಡು ಮೊದಲ ಸಲ ಗಂಜಿನ ಮುಂದೆ ಹಾದುಹೋದಾಗ ನಾನು ಹೊತ್ತ ಚೀಲ ಇಳಿಸದೆ ಹಾಗೇ ನಿಂತು ನೋಡಿದ್ದೆ.

ಊರ ಹೊರಗೆ ತೊಗರಿ ಹೊಲದಲ್ಲಿ ಒಂದು ಕಲ್ಲು ಕಟ್ಟಿದ ಬಾವಿ ಇದೆ. ಊರ ಗಂಡುಹುಡುಗರು ಈಜು ಕಲಿತದ್ದೆಲ್ಲ ಅಲ್ಲೇ. ಖಾಲಿ ಎಣ್ಣೆ ಡಬ್ಬಿಯ ಬಾಯಿ ಬಿಗಿದು ಬೆನ್ನಿಗೆ ಕಟ್ಟಿಕೊಂಡು ಇಳಿಯುವುದು, ಕೈಕಾಲು ಬಡಿಯುವುದು ರೂಢಿಯಾದ ಮೇಲೆ ಡಬ್ಬಿ ಬಿಚ್ಚುವುದು. ನಾನು ಎಷ್ಟೋ ಹುಡುಗರಿಗೆ ಹಾಗೆ ಕಲಿಸಿದ್ದೇನೆ. ತಂಗಿ ಚಿಕ್ಕವಳಿದ್ದಾಗ ದಂಡೆಯ ಮೇಲೆ ಕೂತು, "ನನಗೂ ಡಬ್ಬಿ ಕಟ್ಟೋ ಅಣ್ಣ" ಅನ್ನುತ್ತಿದ್ದಳು. "ಹೆಣ್ಣುಡುಗ್ರು ಬಾವಿಗಿ ಇಳಿಯಂಗಿಲ್ಲ, ನಡಿ ಮನಿಗಿ" ಅನ್ನುತ್ತಿದ್ದೆ. ಆಕೆ ಹೋಗುತ್ತಿರಲಿಲ್ಲ. ನಮ್ಮ ಬಟ್ಟೆ ಕಾಯುತ್ತ ಕೂತಿರುತ್ತಿದ್ದಳು.

ಅದೊಂದು ಬೇಸಿಗೆಯ ಭಾನುವಾರ. ನಾನೂ ತಂಗಿಯೂ ಬೀದರಿನಿಂದ ಊರಿಗೆ ಬಂದಿದ್ದೆವು. ಆರಾಧನೆ ಮುಗಿದಿತ್ತು, ಅವ್ವ ಒಲೆಯ ಮೇಲೆ ಮಾಂಸದ ಗಡಿಗೆ ಇಟ್ಟಿದ್ದಳು. ಸಣ್ಣಾಂವ ಗೆಳೆಯರ ಜೊತೆ ಬಾವಿಗೆ ಹೋಗಿದ್ದ. ಅವನಿನ್ನೂ ಡಬ್ಬಿ ಬಿಟ್ಟು ಈಜುವಷ್ಟು ಕಲಿತಿರಲಿಲ್ಲ. ಜೊತೆಯ ಹುಡುಗರು "ಇನ್ನಾ ಡಬ್ಬಿ ಕಟ್ಕೋತಿಯೇನಲೇ, ಮೀಸಿ ಬರ್ಲಾಕತ್ತಾವ" ಎಂದು ನಕ್ಕರಂತೆ. ಅವನು ಡಬ್ಬಿ ಬಿಚ್ಚಿಟ್ಟು ಹಾರಿದನಂತೆ. ಒಬ್ಬ ಹುಡುಗ ಅಳುತ್ತ ಮನೆಗೆ ಓಡಿ ಬಂದಾಗ ನಾನು ಅಂಗಳದಲ್ಲಿದ್ದೆ. ಓಡಿ ಹೋಗಿ, ಅಂಗಿಯಲ್ಲೇ ಹಾರಿ, ತಳದಲ್ಲಿ ತಡಕಾಡಿ ಅವನನ್ನು ಎತ್ತಿ ತಂದೆ. ಮೆಟ್ಟಿಲ ಮೇಲಿದ್ದವರು ಎಳೆದುಕೊಂಡು ಹಾಸುಗಲ್ಲಿನ ಮೇಲೆ ಮಲಗಿಸಿದರು. ನಾನು ಮೇಲೆ ಬರುವಷ್ಟರಲ್ಲಿ ತಂಗಿ ಅವನ ಪಕ್ಕದಲ್ಲಿ ಮೊಣಕಾಲೂರಿ ಕೂತಿದ್ದಳು.

ಆಕೆ ಅವನ ಗದ್ದ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿ ಹಚ್ಚಿ ಉಸಿರು ಊದಿದಳು. ಸುತ್ತ ನಿಂತ ಹೆಂಗಸರಲ್ಲಿ ಒಬ್ಬಳು "ಅಯ್ಯ ನನ್ನ ಶಿವನ, ಏನ ಮಾಡ್ಲಾಕತ್ಯಾಳ ಈಕಿ" ಅಂದಳು. ತಂಗಿ ಯಾರ ಮಾತೂ ಕೇಳಿಸಿಕೊಳ್ಳಲಿಲ್ಲ. ಎರಡೂ ಕೈ ಕೂಡಿಸಿ ಎದೆಯ ನಡುವೆ ಇಟ್ಟು ಒತ್ತಲು ಶುರು ಮಾಡಿದಳು. ಮತ್ತೆ ಊದಿದಳು, ಮತ್ತೆ ಒತ್ತಿದಳು. ಅವನ ಬಾಯಿಂದ ನೀರು ಬಂತು, ಬೆಳಿಗ್ಗೆ ತಿಂದ ಅನ್ನ ಬಂತು. ಆಕೆ ಅವನ ಮುಖವನ್ನು ಒಂದು ಕಡೆ ಹೊರಳಿಸಿ ಬೆರಳಿನಿಂದ ಬಾಯಿ ಬಳಿದು ಮತ್ತೆ ಮುಂದುವರಿಸಿದಳು.

ಆಗ ಸಣ್ಣಾಂವ ಉಸಿರೆಳೆದ. ಒಂದೇ ಸಲ. ಗಂಟಲಿನಿಂದ ಒಂದು ಸದ್ದು ಬಂತು, ಗದ್ದ ಅಲುಗಿತು. ನಾನು ಅವನ ತಲೆಯ ಹತ್ತಿರವೇ ನಿಂತಿದ್ದೆ. ಉಳಿದವರಿಗೆ ಆಕೆಯ ಬೆನ್ನು ಅಡ್ಡ ಇತ್ತು. ತಂಗಿ ತಲೆಯೆತ್ತಿ ನನ್ನನ್ನೇ ನೋಡಿ, "ಅಣ್ಣಾ, ಎಳದಾನ! ಯಾರೂ ಮುಟ್ಟಬ್ಯಾಡ್ರಿ, ಆಟೋ ತರ್ಸು, ಔರಾದ ದವಾಖಾನಿಗಿ ಒಯ್ಯೋಣ" ಅಂದಳು. ಸುತ್ತಲಿನ ಗದ್ದಲದಲ್ಲಿ ಉಳಿದವರಾರೂ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ನಮ್ಮ ಕಡೆ ನೀರಿಗೆ ಬಿದ್ದವರಿಗೆ ಮಾಡುವುದು ಬೇರೆ. ತಲೆಕೆಳಗಾಗಿ ಹೆಗಲ ಮೇಲೆ ಹಾಕಿಕೊಂಡು ಓಡಬೇಕು, ಹೊಟ್ಟೆಯ ನೀರು ಇಳಿಯುತ್ತದೆ ಎಂದು. ಅದಾದ ಮೇಲೆ ಉಪ್ಪಿನಲ್ಲಿ ಹೂಳಬೇಕು. ಉಪ್ಪು ಮೈಯ ನೀರೆಲ್ಲ ಹೀರಿಕೊಂಡು ಜೀವ ತಿರುಗಿ ಬರುತ್ತದೆ ಎಂದು. ಹೀಗೆ ಬದುಕಿದವರ ಕಥೆ ಪ್ರತಿ ಊರಲ್ಲೂ ಇರುತ್ತದೆ. ಬದುಕಿದವನ ಊರು ಮಾತ್ರ ಯಾವಾಗಲೂ ಪಕ್ಕದ್ದು.

"ನೀರ ಹೊರಗ ಬರ್ಲಾಕತ್ತದ, ಎತ್ತರಿ! ಈಕಿ ಎದಿ ಒತ್ತಿ ಇದ್ದ ಜೀವಾನೂ ತಗೀತಾಳ" ಎಂದು ಒಬ್ಬ ಹಿರಿಯ ಕೂಗಿದ. "ಏ ಹಮಾಲ, ನಿಂತು ಏನ ನೋಡ್ತಿ? ಎತ್ತಲೇ!"

ನಾನು ಎತ್ತಿದೆ. ತಂಗಿಯ ಎರಡೂ ಕೈಗಳನ್ನು ಹಿಡಿದು ಅವನ ಎದೆಯ ಮೇಲಿಂದ ಸರಿಸಿದೆ. ಆಕೆ ಬಿಡಲಿಲ್ಲ, ನಾನು ಎಳೆದು ಬಿಡಿಸಿದೆ. ಸಣ್ಣಾಂವನನ್ನು ಹೆಗಲಿಗೆ ಹಾಕಿಕೊಂಡು ಬಾವಿ ಸುತ್ತ ಓಡಿದೆ, ಆಮೇಲೆ ಊರ ಕಡೆಗೆ ಓಡಿದೆ. ಹೇಳಿದ ಕಡೆಯಿಂದ ಎತ್ತಿ ಹೇಳಿದ ಕಡೆ ಇಳಿಸುವುದು ನನ್ನ ಕಸುಬು. ಆ ಹೊತ್ತು ಹೇಳಿದವರು ಬಹಳ ಜನ, ಬೇಡವೆಂದವಳು ಒಬ್ಬಳು.

ಕಿರಾಣಿ ಅಂಗಡಿಯ ಚಾಚಾ ತಾನೇ ಷಟರ್ ಎತ್ತಿ, "ಲೇ ಜಾ ಬೇಟಾ, ಜಲ್ದಿ ಲೇ ಜಾ" ಎಂದು ಇದ್ದ ಹರಳುಪ್ಪಿನ ಚೀಲಗಳನ್ನೆಲ್ಲ ತೋರಿಸಿದ. ಅವನ ಕಣ್ಣಲ್ಲಿ ನೀರಿತ್ತು. ಆ ಚೀಲಗಳನ್ನು ಹೊತ್ತು ತಂದವನೂ ನಾನೇ. ಅಂಗಳದಲ್ಲಿ ಉಪ್ಪು ಸುರಿದು, ಅವನನ್ನು ಮಲಗಿಸಿ, ಮುಖ ಒಂದು ಬಿಟ್ಟು ಎಲ್ಲ ಮುಚ್ಚಿದೆವು. ಹೆಂಗಸರು ತಂಗಿಯನ್ನು ಹಿಡಿದು ಕೂರಿಸಿದ್ದರು. ಆಕೆ ಕೂಗಿ ಕೂಗಿ ದನಿ ಬಿದ್ದುಹೋದ ಮೇಲೆ ಬರೀ ತುಟಿ ಆಡಿಸುತ್ತಿದ್ದಳು. ನಾವು ಉಪ್ಪಿನ ರಾಶಿ ಅಲುಗುತ್ತದೇನೋ ಎಂದು ನೋಡುತ್ತ ಬಿಸಿಲು ಇಳಿಯುವವರೆಗೆ ಕೂತೆವು. ಅವ್ವ ಅವನ ಹಣೆಯ ಮೇಲಿನ ಹರಳುಗಳನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು.

ಮಣ್ಣು ಮಾಡಿ ಬಂದ ಮೇಲೆ ಮಾತು ಹುಟ್ಟಿತು. ಯಾರು ಮೊದಲು ಅಂದರೋ ಗೊತ್ತಿಲ್ಲ. ಆಕೆ ಎದೆ ಒತ್ತಿದ್ದಕ್ಕೇ ಹುಡುಗ ಹೋದ. ಇಲ್ಲದಿದ್ದರೆ ಉಪ್ಪು ಅವನನ್ನು ಉಳಿಸುತ್ತಿತ್ತು. ಮಾತು ನಮ್ಮ ಮನೆಯ ಹೊಸ್ತಿಲು ದಾಟಿ ಅವ್ವನ ಕಿವಿಗೂ ಬಿತ್ತು. ಒಂದು ಮುಂಜಾನೆ ಅವ್ವ ನನ್ನನ್ನು ದನದ ಕೊಟ್ಟಿಗೆಯ ಹತ್ತಿರ ಕರೆದು ಕೇಳಿದಳು.

"ನೀ ಅಲ್ಲೇ ನಿಂತಿದ್ದಿ. ಖರೇ ಹೇಳು. ಆಕಿ ಒತ್ತಿದ್ದಕ್ಕ ಹೋದನೇನ ನನ್ನ ಕೂಸು?"

ಅವನು ಆಕೆಯ ಕೈಯಲ್ಲಿ ಉಸಿರೆಳೆದಿದ್ದ ಎಂದು ಹೇಳಿದರೆ, ಮತ್ತೆ ಯಾರು ಕೊಂದರು ಎಂದು ಅವ್ವ ಕೇಳುತ್ತಿದ್ದಳು.

"ಗೊತ್ತಿಲ್ಲವ್ವ" ಅಂದೆ.

ಅವ್ವ ತಲೆಯಾಡಿಸಿ ಒಳಗೆ ಹೋದಳು. ಅಂದಿನಿಂದ ಆಕೆ ತಂಗಿಯನ್ನು ಬೈಯಲಿಲ್ಲ, ಹೊರಗೆ ಹಾಕಲಿಲ್ಲ. ಊಟಕ್ಕೆ ಬಡಿಸುತ್ತಿದ್ದಳು. ಮುಟ್ಟಗೊಡುತ್ತಿರಲಿಲ್ಲ ಅಷ್ಟೇ. ತಂಗಿ ತಲೆಗೆ ಎಣ್ಣೆ ಹಚ್ಚಲು ಬಂದರೆ, ಕಾಲು ಒತ್ತಲು ಬಂದರೆ, ಅವ್ವ ಮೆಲ್ಲಗೆ ಸರಿದು ಕೂರುತ್ತಿದ್ದಳು.

ಕೆಲವು ದಿನಗಳ ನಂತರ ಮನೆಯಲ್ಲಿ ಆದರಣೆಯ ಕೂಟ ಇಟ್ಟರು. ಸಾವಾದ ಮನೆಗೆ ಚರ್ಚಿನವರು ಬಂದು ಹಾಡಿ, ವಾಕ್ಯ ಓದಿ, ಒಬ್ಬೊಬ್ಬರಾಗಿ ಪ್ರಾರ್ಥನೆ ಮಾಡಿ ಸಮಾಧಾನ ಹೇಳುವುದು ನಮ್ಮಲ್ಲಿ ವಾಡಿಕೆ. ಅಪ್ಪನ ಅಣ್ಣನ ಹೆಂಡತಿ, ನಮ್ಮ ದೊಡ್ಡವ್ವ, ಕಣ್ಣು ಮುಚ್ಚಿ ಎರಡೂ ಕೈ ಎತ್ತಿದಳು. ದೊಡ್ಡವ್ವ ಕೆಟ್ಟವಳಲ್ಲ. ಅಪ್ಪ ಹೋದ ವರ್ಷ ನಮಗೆ ರೊಟ್ಟಿ ಹಾಕಿದವಳು.

"ಕರ್ತನೇ, ಈ ಮನೆಯ ಕಣ್ಣೀರು ಒರೆಸು. ಸಣ್ಣ ಮಗನನ್ನು ನಿನ್ನ ಮಡಿಲಲ್ಲಿ ಇಟ್ಟುಕೋ. ತಿಳಿಯದೆ ಅವನ ಮೇಲೆ ಕೈ ಹಾಕಿದ ಈ ಮಗಳನ್ನು ಕ್ಷಮಿಸಪ್ಪಾ. ಆಕೆಯ ಕೈಗಳ ದೋಷ ತೊಳೆ."

"ಆಮೆನ್" ಎಂದಿತು ಮನೆ ತುಂಬ ಕೂತ ಜನ.

ನಾನೂ ಅಂದೆ. ಜೋರಾಗಿಯೇ ಅಂದೆ. ಪಕ್ಕದಲ್ಲಿ ತಂಗಿ ಕೂತಿದ್ದಳು. ಆಕೆ ಕಣ್ಣು ಮುಚ್ಚಿರಲಿಲ್ಲ. ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದಳು.

ಆಮೇಲೆ ಆಕೆ ಊರಿಗೆ ಬರುವುದು ಕಡಿಮೆಯಾಯಿತು. ಒಂದು ಮಧ್ಯಾಹ್ನ ಗಂಜಿಗೆ ಬಂದಳು. ಲಾರಿಯೊಂದು ಖಾಲಿಯಾಗಿ ನಾವು ಹಮಾಲರು ಚಹಾ ಕುಡಿಯುತ್ತಿದ್ದೆವು.

"ಅಣ್ಣ, ನಾ ಆಫ್ರಿಕಾಕ್ಕ ಹೋಗ್ತೇನಿ. ಅಲ್ಲೊಂದು ದೊಡ್ಡ ಕೆರಿ ಅದ. ಅದರ ದಂಡಿ ಮ್ಯಾಲಿನ ಸಾಲಿ ಹುಡುಗರಿಗಿ ನೀರಾಗ ಹ್ಯಾಂಗ ಜ್ವಾಕಿ ಇರಬೇಕು, ಯಾರರೆ ಮುಳುಗಿದ್ರ ಏನ ಮಾಡಬೇಕು ಅಂತ ಕಲಿಸೋದು."

"ಪಗಾರ ಎಷ್ಟ?"

"ಪಗಾರಿಲ್ಲ. ಇರಲಾಕ ಜಾಗ, ಊಟ, ಹೋಗಿಬರೋ ಖರ್ಚು ಕೊಡ್ತಾರ."

ಪಕ್ಕದಲ್ಲಿದ್ದ ನನ್ನ ಜೊತೆಗಾರ ಚಹಾದ ಕಪ್ಪು ಬಸಿ ಕೆಳಗಿಟ್ಟ. "ಏನ ಸಿಸ್ಟರ್, ಬಿಟ್ಟಿ ದುಡೀಲಾಕ ವಿಮಾನದಾಗ ಹೋಗ್ತೀರಿ? ನಮ್ಮ ಸೇಟು ಕೇಳಿದ್ರ ನಮ್ಮನ್ನೂ ಹಂಗೇ ದುಡಸ್ತಾನ, ಮೆಲ್ಲಗ ಮಾತಾಡ್ರಿ."

ತಂಗಿ ನಕ್ಕಳು. ಬಹಳ ದಿನದ ಮೇಲೆ ಆಕೆ ನಕ್ಕದ್ದು ನೋಡಿದೆ. ಅವನು ಎದ್ದು ಹೋದ ಮೇಲೆ ನಾನು, "ಇಲ್ಲೇನ ಕಮ್ಮಿ ಬಾವಿ ಅವೇನು? ಇಲ್ಲೇ ಕಲಿಸು" ಅಂದೆ. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ.

"ಇಲ್ಲಿ ನನ್ನ ಕೈ ಯಾರೂ ನಂಬಂಗಿಲ್ಲಣ್ಣ" ಅಂದಳು.

ಆಗಲಾದರೂ ಹೇಳಬಹುದಿತ್ತು. ಸುತ್ತ ಯಾರೂ ಇರಲಿಲ್ಲ, ಬರೀ ತೊಗರಿ ಚೀಲ. ನಾನು ಎದ್ದು ಆಕೆಗೊಂದು ಚಹಾ ಹೇಳಿದೆ.

ಆಕೆ ತಾಂಜಾನಿಯಾಕ್ಕೆ ಹೋದಳು. ಸ್ವಲ್ಪ ತಿಂಗಳು ಎಂದು ಹೋದವಳು ಮತ್ತೆ ಮತ್ತೆ ಅಲ್ಲೇ ಉಳಿದಳು. ಮಧ್ಯಾಹ್ನ ನಾನು ಚೀಲಗಳ ಮೇಲೆ ಅಡ್ಡಾಗುವ ಹೊತ್ತಿಗೆ ವಿಡಿಯೋ ಕಾಲ್ ಮಾಡುತ್ತಿದ್ದಳು. ಕೆರೆ ತೋರಿಸಿದಳು. ಆ ಕಡೆಯ ದಂಡೆಯೇ ಕಾಣಲಿಲ್ಲ. "ಇದು ಸಮುದ್ರ ಅದ, ನಿನಗ ಸುಳ್ಳ ಹೇಳ್ಯಾರ" ಅಂದೆ. "ಕುಡದು ನೋಡೇನಿ, ಸಪ್ಪಗ ಅದ" ಅಂದಳು. ಅಲ್ಲಿನ ಮಕ್ಕಳು ಆಕೆಯನ್ನು ದಾದಾ ಎಂದು ಕರೆಯುತ್ತಿದ್ದರು. ಅವರ ಭಾಷೆಯಲ್ಲಿ ದಾದಾ ಅಂದರೆ ಅಕ್ಕನಂತೆ, ನಮ್ಮ ಕಡೆ ಅಣ್ಣ. "ಅಡ್ಡಿಲ್ಲ, ನಮ್ಮ ಮನ್ಯಾಗ ನಾ ಒಬ್ಬಾಂವ ದಾದಾ ಇದ್ದೆ, ಈಗ ನೀನೂ ಆದಿ" ಎಂದು ಚೇಷ್ಟೆ ಮಾಡಿದೆ.

ಅಲ್ಲಿಯೂ ನಮ್ಮಂತೆಯೇ ಬಡವರು. ಮಕ್ಕಳು ನೀರು ತರಲು, ಬಟ್ಟೆ ಒಗೆಯಲು, ದೋಣಿಯಲ್ಲಿ ಅಪ್ಪನಿಗೆ ಬುತ್ತಿ ಕೊಡಲು ದಿನವೂ ಕೆರೆಗೆ ಹೋಗುತ್ತಾರೆ. ಮೀನು ಹಿಡಿಯುವ ಎಷ್ಟೋ ಗಂಡಸರಿಗೇ ಈಜು ಬರುವುದಿಲ್ಲ. ಆಕೆ ಮಕ್ಕಳಿಗೆ ಮೊದಲು ಕಲಿಸುತ್ತಿದ್ದುದು ಹಾರಬೇಡಿ ಎಂದು. ಗೆಳೆಯ ಮುಳುಗುತ್ತಿದ್ದರೆ ನೀವು ಹಾರಿದರೆ ಇಬ್ಬರೂ ಹೋಗುತ್ತೀರಿ. ದಂಡೆಯ ಮೇಲೆ ಮಲಗಿ ಕೋಲು ಚಾಚಿ, ಇಲ್ಲವೇ ಹಗ್ಗ ಕಟ್ಟಿದ ಖಾಲಿ ಡಬ್ಬಿ ಎಸೆಯಿರಿ, ದೊಡ್ಡವರನ್ನು ಕೂಗಿ ಕರೆಯಿರಿ. ಅವರ ಮನೆಗಳಲ್ಲಿ ನೀರು ತರುವ ಹಳದಿ ಡಬ್ಬಿ ಇರುತ್ತವೆ. ಅವನ್ನೇ ಎದೆಗೆ ಅವುಚಿಕೊಂಡು ತೇಲುವುದನ್ನು ತೋರಿಸುತ್ತಿದ್ದಳು. "ನೀ ಬೆನ್ನಿಗಿ ಕಟ್ತಿದ್ದಿ ನೋಡು, ಹಂಗೇ" ಅಂದಳು. ಅಲ್ಲಿಯ ಒಬ್ಬ ಟೀಚರಮ್ಮ ಆಕೆಗೆ ಈಜು ಕಲಿಸಿದ್ದಳು. ತೊಯ್ದ ಕೂದಲು ಹಿಂಡುತ್ತ, "ಅಣ್ಣ, ನನಗ ಈಜು ಬಂತು" ಎಂದು ಒಂದು ದಿನ ಫೋನು ಮುಖದ ಹತ್ತಿರ ಹಿಡಿದಾಗ, ಆಕೆ ದಂಡೆಯ ಮೇಲೆ ಬಟ್ಟೆ ಕಾಯುತ್ತ ಕೂತಿದ್ದ ವಯಸ್ಸಿನವಳಂತೆಯೇ ಕಂಡಳು. ನಾನು ಭೇಷ್ ಅಂದೆ.

ಒಂದು ಸಲ ಫೋನನ್ನು ಶಾಲೆಯ ಕಿಟಕಿಯಲ್ಲಿಟ್ಟು ನನಗೆ ಪಾಠ ನಡೆಯುವುದನ್ನು ತೋರಿಸಿದಳು. ರಬ್ಬರಿನ ಗೊಂಬೆಯೊಂದು ನೆಲದ ಮೇಲೆ. ಸುತ್ತ ನೀಲಿ ಅಂಗಿಯ ಮಕ್ಕಳು. ಆಕೆ ಇಂಗ್ಲಿಷಿನಲ್ಲಿ ಹೇಳುತ್ತಾಳೆ, ಟೀಚರಮ್ಮ ಅವರ ಭಾಷೆಯಲ್ಲಿ ಹೇಳುತ್ತಾಳೆ. ನನಗೆ ಎರಡೂ ತಿಳಿಯಲಿಲ್ಲ. ಆದರೆ ಆಕೆಯ ಕೈ ತಿಳಿಯಿತು. ಗದ್ದ ಎತ್ತುವುದು, ಮೂಗು ಹಿಡಿಯುವುದು, ಎದೆಯ ನಡುವೆ ಕೈ ಕೂಡಿಸುವುದು. ಪಾಠ ಮುಗಿದ ಮೇಲೆ ಫೋನು ಎತ್ತಿಕೊಂಡಳು.

"ಇಲ್ಲಿನೂ ತಲಿಕೆಳಗ ಹಿಡೀತಾರ ಅಣ್ಣ. ದೋಣಿ ಅಂಚಿನ ಮ್ಯಾಲ ಬೋರಲ ಹಾಕಿ ಬಡೀತಾರ. ಅದಕ್ಕೇ ಹುಡುಗರಿಗಿ ಮತ್ತ ಮತ್ತ ಹೇಳ್ತೇನಿ. ನೀರ ಇಳಸೋ ಗದ್ದಲದಾಗ ಉಸ್ರ ತಪ್ಪಿ ಹೋಗ್ತದ ಅಂತ. ನಡಬರಕ ಒಂದ ಸಲ ಬಾಯಿ ತೆಗದು ಎಳೀತಾರ, ಬದುಕಿದ್ರು ಅಂತ ಬಿಡಬಾರ್ದು. ಅವಾಗೇ ಕೈ ತೆಗೀಬಾರ್ದು."

ಆಕೆ ಯಾವ ಕಹಿಯೂ ಇಲ್ಲದೆ ಹೇಳಿದಳು, ಪಾಠದ ಗುಂಗಿನಲ್ಲೇ.

"ಹಲೋ? ಹಲೋ? ನೆಟ್‌ವರ್ಕ್ ಇಲ್ಲ ನೋಡು" ಎಂದು ಕಟ್ ಮಾಡಿದೆ. ಆಕೆಯ ಮುಖ ಪರದೆಯ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು.

ಅಲ್ಲಿಯವರೆಗೆ ನನಗೆ ನಾನೇ ಹೇಳಿಕೊಂಡಿದ್ದೆ: ಆ ಒಂದು ಉಸಿರು ಕೊನೆಯ ಉಸಿರೇ ಇರಬೇಕು, ನಾನು ಎತ್ತಿದರೂ ಅಷ್ಟೇ, ಬಿಟ್ಟರೂ ಅಷ್ಟೇ ಎಂದು. ಆವತ್ತಿನಿಂದ ಆ ಸಮಾಧಾನವೂ ಹೋಯಿತು. ಚೀಲ ಹೆಗಲಿಗೇರಿದಾಗ ಕತ್ತು ತಾನಾಗಿ ಒಂದು ಕಡೆಗೆ ಹೊರಳುತ್ತಿತ್ತು, ಕಿವಿಯ ಹತ್ತಿರ ಏನಾದರೂ ಕೇಳಿಸುತ್ತದೇನೋ ಎಂದು. "ಏನೋ, ಚೀಲ ಮಾತಾಡ್ತದೇನು?" ಎಂದು ಜೊತೆಯವರು ನಗುತ್ತಿದ್ದರು.

ಆಮೇಲೊಂದು ದಿನ ಆಕೆ ಅಳುತ್ತ ಫೋನು ಮಾಡಿದಳು. ಆಕೆಯ ಹತ್ತಿರ ಕಲಿತ ಒಬ್ಬ ಹುಡುಗಿ, ನೀರಿಗೆ ಜಾರಿದ ತಂಗಿಗೆ ಡಬ್ಬಿ ಎಸೆದು ದಂಡೆಗೆ ಎಳೆದಿದ್ದಳು. "ಹಾರಲಿಲ್ಲಣ್ಣ, ಡಬ್ಬಿ ಒಗದ್ಳು. ಒಗದು ಒದರಿದ್ಳು. ಇಬ್ರೂ ಉಳದ್ರು." ಅಳು, ನಗು, ಮತ್ತೆ ಅಳು. "ಅವ್ವಗ ಹೇಳ್ತಿಯೇನು?" ಎಂದು ಕೇಳಿದಳು. ಹೇಳ್ತೇನಿ ಅಂದೆ. ಊರಿಗೆ ಹೋಗಿ ಹೇಳಿದೆ. ಅವ್ವ ಜೋಳ ಹಸನು ಮಾಡುತ್ತ, "ಮಂದಿ ಮಕ್ಕಳು ಉಳೀಲಿ" ಅಂದಳು.

ಈ ವರ್ಷ ಆಕೆ ರಜೆಗೆ ಬಂದಳು. ಬರುವ ಮುಂಚೆಯೇ ಊರ ಶಾಲೆಯ ಹೆಡ್‌ಮಾಸ್ತರರಿಗೆ ಫೋನು ಮಾಡಿ ಒಂದು ಮಧ್ಯಾಹ್ನ ಬಿಟ್ಟುಕೊಡಲು ಕೇಳಿಕೊಂಡಿದ್ದಳು. ಅವರು ಬೇರೆ ಊರಿನಿಂದ ಬಂದ ಹೊಸಬರು, ಸಂತೋಷದಿಂದ ಒಪ್ಪಿದ್ದರು. ಗೊಂಬೆ ತರಲು ಆಗುವುದಿಲ್ಲ, ಮನುಷ್ಯನ ಎದೆಯಷ್ಟು ಗಟ್ಟಿ ಇರುವ ಏನಾದರೂ ಮಾಡು ಎಂದು ನನಗೆ ಹೇಳಿದಳು. ನಾನು ಗಂಜಿನಲ್ಲಿ ಒಂದು ಗೋಣಿಚೀಲ ಹಿಡಿದು ತೊಗರಿ ಹೊಟ್ಟು ಒತ್ತಿ ಒತ್ತಿ ತುಂಬಿ, ದಬ್ಬಣ ಸುತಳಿಯಿಂದ ಹೊಲಿದು, ಮೇಲೊಂದು ಸಣ್ಣ ಚೀಲದ ತಲೆ ಕೂರಿಸಿದೆ. ಹಮಾಲರು ಸುತ್ತ ಕೂಡಿದರು. "ಇದಕ್ಕ ಹೆಣ್ಣ ನೋಡ್ರಿ", "ನಿನಗಿಂತ ಚಂದ ಅದ, ನೀನೇ ಉಳೀತಿ" ಎಂದೆಲ್ಲ ಅಂದರು. ನಾನೂ ನಕ್ಕೆ. ಹೊಟ್ಟು ಗಟ್ಟಿ ಆಯಿತೋ ಇಲ್ಲವೋ ಎಂದು ಒತ್ತಿ ನೋಡುವಾಗ ಮಾತ್ರ ಯಾರ ಮುಖವನ್ನೂ ನೋಡಲಿಲ್ಲ.

ಭಾಲ್ಕಿ ಸ್ಟೇಷನ್ನಿನಲ್ಲಿ ಆಕೆ ರೈಲಿನಿಂದ ಇಳಿದಳು. ಬಣ್ಣ ಕಂದಿತ್ತು, ತೋಳು ಗಟ್ಟಿಯಾಗಿದ್ದವು. ಎದುರುಗೊಳ್ಳಲು ಹೋಗಿದ್ದ ನಾನು ಗೊಂಬೆಯನ್ನು ಹೆಗಲ ಮೇಲೆ ಹಾಕಿಕೊಂಡು ಬಸ್ಸು ಹತ್ತಿದಾಗ ಕಂಡಕ್ಟರ್ "ಇವರಿಗಿ ಟಿಕೇಟು ಪೂರಾ ತಗೀರಿ" ಅಂದ. ತಂಗಿ ಕುಶನೂರಿನವರೆಗೂ ಅದನ್ನು ನೆನೆಸಿಕೊಂಡು ನಗುತ್ತಿದ್ದಳು.

ಮನೆಗೆ ಬಂದ ದಿನ ಅವ್ವ ರೊಟ್ಟಿ, ಪುಂಡಿಪಲ್ಲೆ ಮಾಡಿ ಬಡಿಸಿದಳು. ಊಟವಾದ ಮೇಲೆ ತಂಗಿ ಬಿಪಿ ನೋಡುವ ಯಂತ್ರ ತೆಗೆದು, "ಕೈ ಕೊಡವ್ವ" ಅಂದಳು. "ನನಗೇನ ಆಗಿಲ್ಲ" ಎಂದು ಅವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ತಂಗಿ ಯಂತ್ರದ ಪಟ್ಟಿಯನ್ನು ಮೆಲ್ಲಗೆ ಸುತ್ತಿ ಒಳಗಿಟ್ಟಳು.

ಮರುದಿನ ಶಾಲೆಯ ಅಂಗಳದಲ್ಲಿ ಮಕ್ಕಳು ಗೋಣಿಯ ಗೊಂಬೆಯನ್ನು ನೋಡಿ ಕುಣಿದರು. ತಂಗಿ ಕನ್ನಡದಲ್ಲಿ, ನಮ್ಮ ಊರ ಮಾತಿನಲ್ಲಿ ಪಾಠ ಮಾಡಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು. "ಗೆಳ್ಯಾ ಮುಳುಗ್ಲಾಕತ್ತಾನ, ಏನ ಮಾಡ್ತಿ?" "ಹಾರ್ತೇನ್ರಿ!" "ಹಾರಿದ್ರ ಇಬ್ಬರಿಗೂ ಮಣ್ಣ. ಮತ್ತ ಹೇಳು." ಮಕ್ಕಳು ಹಗ್ಗ ಕಟ್ಟಿದ ಡಬ್ಬಿ ಎಸೆದರು, ಎಳೆದರು, ಜಗಳಾಡಿದರು. ಆಮೇಲೆ ಆಕೆ ಗೊಂಬೆಯ ಪಕ್ಕದಲ್ಲಿ ಮೊಣಕಾಲೂರಿ ಕೂತಳು. ನಾನು ಗೊಂಬೆಯ ತಲೆ ಹಿಡಿದಿದ್ದೆ.

ಆಕೆ ಎದೆಯ ಮೇಲೆ ಕೈ ಇಟ್ಟದ್ದೇ ತಡ, ಗೇಟಿನ ಹತ್ತಿರ ನಿಂತ ಹೆಂಗಸರಲ್ಲಿ ಸದ್ದಾಯಿತು. ದೊಡ್ಡವ್ವ ಒಳಗೆ ಬಂದು ತನ್ನ ಮೊಮ್ಮಗಳ ರಟ್ಟೆ ಹಿಡಿದಳು.

"ನಡಿ ಮನಿಗಿ. ಇದೇನ ಕಲಿಯೋದು ಬ್ಯಾಡ."

"ದೊಡ್ಡವ್ವ, ಸ್ವಲ್ಪ ನಿಂದರು" ಅಂದಳು ತಂಗಿ.

"ತಮ್ಮಗ ಮಾಡಿದ್ದು ಸಾಲದೇನ ತಾಯಿ? ದೇವರು ಕ್ಷಮಿಸ್ಯಾನ, ನಾವೂ ಕ್ಷಮಿಸೇವಿ. ಮತ್ತ ಊರ ಮಕ್ಕಳಿಗಿ ಯಾಕ ಇದು?"

ಉಳಿದ ತಾಯಂದಿರೂ ಬಂದು ತಮ್ಮ ತಮ್ಮ ಮಕ್ಕಳನ್ನು ಕರೆದುಕೊಂಡರು. ಹೆಡ್‌ಮಾಸ್ತರರು "ಏನಾಯ್ತ್ರಿ, ಏನಾಯ್ತು" ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ತಂಗಿ ಕೈ ಗೊಂಬೆಯ ಮೇಲಿಟ್ಟುಕೊಂಡೇ ನನ್ನ ಕಡೆ ನೋಡಿದಳು. ಬಾವಿಯ ದಂಡೆಯ ಮೇಲೆ ನೋಡಿದಂತೆಯೇ.

ನಾನು ಬಗ್ಗಿ ಗೊಂಬೆಯ ಕುತ್ತಿಗೆಯ ಸುತಳಿ ಸಡಿಲಾಗಿದೆ ಎಂಬಂತೆ ಅದನ್ನು ಬಿಗಿಯತೊಡಗಿದೆ.

ಯಾರೂ ಕರೆಯಲು ಬಾರದ ಕೆಲವು ಹುಡುಗಿಯರು ಉಳಿದರು. ಅವರ ತಾಯಂದಿರು ಹೊಲಕ್ಕೆ ಹೋಗಿದ್ದರು. ತಂಗಿ ಅವರಿಗೇ ಪಾಠ ಪೂರ್ತಿ ಮಾಡಿದಳು. ಒಂದು ಮಾತನ್ನೂ ಬಿಡಲಿಲ್ಲ.

ಸಂಜೆ ಮನೆಯಲ್ಲಿ ದೀಪ ಹಚ್ಚುವ ಮುಂಚೆ ಅವ್ವ ಮೊರ ಹಿಡಿದು ತೊಗರಿಬೇಳೆ ಕೇರುತ್ತಿದ್ದಳು. ಶಾಲೆಯ ಸುದ್ದಿ ಆಕೆಗೆ ಮುಟ್ಟಿತ್ತು. ತಂಗಿ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ರಜೆ ಇನ್ನೂ ಬಹಳ ಇತ್ತು, ನಾಳೆಯೇ ಬೀದರಿಗೆ ಹೋಗುತ್ತೇನೆ ಅಂದಿದ್ದಳು. ಅವ್ವ ತಲೆಯೆತ್ತದೆ ಹೇಳಿದಳು.

"ಇನ್ನಾ ಯಾಕ ಅದನ್ನ ತಗೀತಿ ನೀ? ನನ್ನ ಹೊಟ್ಟಿ ಸುಡ್ತದ. ಮಂದಿ ಮುಂದ ಒತ್ತಿ ಒತ್ತಿ ತೋರಿಸ್ತಿಯಂತ, ನನ್ನ ಕೂಸಿಗಿ ಒತ್ತಿದಂಗ."

ತಂಗಿಯ ಕೈ ನಿಂತಿತು. ಮಡಚಿದ ಸೀರೆಯನ್ನು ಬಿಚ್ಚಿ ಮತ್ತೆ ಮಡಚಿದಳು. ಈ ಸಲ ಹೋದರೆ ಆಕೆ ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲ ಎಂದು ನನಗೆ ಖಾತ್ರಿಯಾಯಿತು.

"ಅವ್ವ" ಅಂದೆ. ಆಕೆ ತಲೆಯೆತ್ತಲಿಲ್ಲ. ಮತ್ತೊಮ್ಮೆ ಅಂದೆ. "ಅವ್ವ, ಆಕಿ ಒತ್ತಿದಾಗ ಸಣ್ಣಾಂವ ಉಸ್ರ ಎಳದಿದ್ದ."

ಮೊರ ನಿಂತಿತು.

"ನಾ ಕಣ್ಣಾರೆ ನೋಡೇನಿ. ಆಕಿ ಮುಟ್ಟಬ್ಯಾಡ್ರಿ ಅಂದ್ಳು, ಔರಾದಕ್ಕ ಒಯ್ಯೋಣ ಅಂದ್ಳು. ಆಕಿ ಕೈ ಹಿಡದು ತಗದಾಂವ ನಾ. ಹೊತ್ತಾಂವ ನಾ. ಉಪ್ಪ ತಂದಾಂವನೂ ನಾ."

ಅವ್ವ ನನ್ನನ್ನೇ ನೋಡಿದಳು. "ನಾ ಕೇಳಿದಾಗ ಗೊತ್ತಿಲ್ಲಂದಿದ್ದಿ" ಅಂದಳು.

"ಸುಳ್ಳ ಹೇಳಿದ್ದೆ."

"ಅಣ್ಣ, ಸಾಕ ಬಿಡು" ಅಂದಳು ತಂಗಿ. ಆಕೆ ಗಾಬರಿಯಾಗಿರಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. ಅದನ್ನು ನೋಡಿ ನನಗೆ ಗೊತ್ತಾಯಿತು.

"ನಾ ನೋಡಿದ್ದು ನಿನಗ ಗೊತ್ತಿತ್ತೇನ?"

"ನೀ ನನ್ನ ಎದರಿಗೇ ನಿಂತಿದ್ದಿ. ನಿನ್ನ ಮುಖಾ ಕಂಡಿದ್ದೆ."

"ಮತ್ಯಾಕ ಹೇಳಲಿಲ್ಲ? ಇಷ್ಟ ವರ್ಷ?"

ತಂಗಿ ಅವ್ವನ ಕಡೆ ನೋಡಿದಳು. "ನಾ ಹೇಳಿದ್ರ ಅವ್ವಗ ಒಬ್ಬ ಮಗನೂ ಉಳೀತಿರಲಿಲ್ಲ" ಅಂದಳು. "ನನ್ನ ಕೈ ಇಲ್ಲಂದ್ರೂ ನಡೀತದ. ನೀ ಇಲ್ಲಂದ್ರ ಆಕಿಗಿ ಹ್ಯಾಂಗ?"

ಅವ್ವನ ಕೈಯಿಂದ ಮೊರ ಜಾರಿ ಬೇಳೆ ನೆಲದ ತುಂಬ ಚೆಲ್ಲಿತು. ಯಾರೂ ಬಳಿಯಲಿಲ್ಲ.

ನಾನು ಕೇಳಬಾರದ್ದನ್ನು ಕೇಳಿದೆ. "ನಾ ಎತ್ತಿಲ್ಲಂದ್ರ ಉಳೀತಿದ್ದನೇನ?"

ಹೌದು ಅಂದಿದ್ದರೆ ಶಿಕ್ಷೆಯಾಗುತ್ತಿತ್ತು, ಇಲ್ಲ ಅಂದಿದ್ದರೆ ಬಿಡುಗಡೆಯಾಗುತ್ತಿತ್ತು. ಆಕೆ ಮಡಚಿದ ಸೀರೆಯನ್ನು ಚೀಲದೊಳಗಿಟ್ಟಳು. ಸುಳ್ಳು ಹೇಳಿ ಸಮಾಧಾನ ಮಾಡಬಹುದು ಅನ್ನಿಸಿರಬೇಕು, ಮಾಡಲಿಲ್ಲ.

"ಗೊತ್ತಿಲ್ಲಣ್ಣ. ಖರೇನೇ ಗೊತ್ತಿಲ್ಲ. ಎಲ್ಲಾ ಮಾಡಿದ್ರೂ ಹೋದವರನ್ನ ಅಲ್ಲಿ ನೋಡೇನಿ."

ನಾನು ಆಕೆಯ ಎದುರಿಗೆ ನೆಲದ ಮೇಲೆ ಕೂತೆ. ಆಕೆಯ ಕೈ ಹಿಡಿಯಬೇಕು ಅನ್ನಿಸಿತು, ಹಿಡಿಯಲು ಧೈರ್ಯ ಬರಲಿಲ್ಲ. ನಾಳೆ ಶಾಲೆಯ ಗೇಟಿನ ಹತ್ತಿರ ನಿಂತು ದೊಡ್ಡವ್ವನಿಗೂ, ಊರಿಗೂ ಹೇಳಬೇಕು. ಆದರೆ ಮೊದಲು ಹೇಳಬೇಕಾದವಳು ಇಲ್ಲಿದ್ದಳು, ಚೀಲ ಅರ್ಧ ತುಂಬಿ ಕೂತಿದ್ದಳು.

"ತಪ್ಪಾಯ್ತು ನನ್ನ ತಂಗೆವ್ವಾ" ಅಂದೆ. "ನೀ ಅವನನ್ನ ಹಿಡಕೊಂಡಿದ್ದಿ, ನಾ ಬಿಡಿಸಿದೆ. ನಿನ್ನ ಮ್ಯಾಲ ಮಾತ ಬಂದಾಗ ಬರಲಿ ಅಂತ ಬಿಟ್ಟೆ, ನನ್ನ ಮ್ಯಾಲ ಬರಬಾರ್ದು ಅಂತ. ಇವತ್ತೂ ಬಿಟ್ಟೆ. ನಿನ್ನ ಕೈ ತಪ್ಪ ಮಾಡಿಲ್ಲ, ತಂಗೀ. ತಪ್ಪ ನಂದು. ನನ್ನ ಕ್ಷಮಿಸು."